ಆಕ್ಸಿಜನ್ ಸೆನ್ಸರ್ ಕೆಟ್ಟಿದೆ, ಬಿಚ್ಚಿಟ್ಟು ಕಾರು ಓಡಿಸಬಹುದಾ?

"ಸೆನ್ಸರ್ ಹೋಗಿದೆ ಸಾರ್. ಕನೆಕ್ಟರ್ ಬಿಚ್ಚಿ ಬಿಟ್ಟಿದೀನಿ, ಹಾಗೇ ಓಡಿಸ್ತಾ ಇರಿ, ಏನೂ ಆಗಲ್ಲ."

ಗ್ಯಾರೇಜಿನಲ್ಲಿ ಈ ಮಾತು ಕೇಳಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಸೆನ್ಸರ್ ಬಿಚ್ಚಿದ ಕಾರು ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಒಮ್ಮೊಮ್ಮೆ ಮೊದಲಿಗಿಂತ ಚೆನ್ನಾಗಿಯೇ ಓಡುತ್ತದೆ. ವಿಚಿತ್ರ ಇರುವುದು ಅಲ್ಲೇ. ಕೆಟ್ಟ ಸೆನ್ಸರ್ ಇಟ್ಟುಕೊಂಡು ಓಡಿಸುವುದಕ್ಕಿಂತ ಬಿಚ್ಚಿಟ್ಟು ಓಡಿಸುವುದೇ ಎಷ್ಟೋ ಸಲ ಎಂಜಿನ್ನಿಗೆ ವಾಸಿ. ಹಾಗಂತ ಬಿಚ್ಚಿಟ್ಟೇ ವರ್ಷ ಕಳೆದರೆ ಬಿಲ್ಲು ಬೇರೆ ಕಡೆಯಿಂದ ಬರುತ್ತದೆ, ಅದೂ ದೊಡ್ಡದಾಗಿ.

ಅದು ಅಳೆಯುವುದು ಪೆಟ್ರೋಲನ್ನಲ್ಲ

ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಗಾಳಿ ಅದಕ್ಕಿಂತ ಕಡಿಮೆ ಆದರೆ ಮಿಶ್ರಣ ರಿಚ್ ಆಯಿತು ಅನ್ನುತ್ತಾರೆ, ಜಾಸ್ತಿ ಆದರೆ ಲೀನ್. ಕಾರಿನ ಕಂಪ್ಯೂಟರ್, ಅಂದರೆ ಇಸಿಯು, ಎಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ ಅಂತ ನೋಡಿಕೊಂಡು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಲೆಕ್ಕ ಹಾಕುತ್ತದೆ. ಆದರೆ ಲೆಕ್ಕ ಎಷ್ಟಾದರೂ ಲೆಕ್ಕವೇ. ಇಂಜೆಕ್ಟರ್ ಹಳೆಯದಾಗುತ್ತದೆ, ಎಲ್ಲೋ ಒಂದು ರಬ್ಬರ್ ಪೈಪ್ ಸೀಳುತ್ತದೆ, ಬಂಕಿನಿಂದ ಬಂಕಿಗೆ ಪೆಟ್ರೋಲ್ ಬದಲಾಗುತ್ತದೆ. ಹಾಕಿದ ಲೆಕ್ಕ ಸರಿಯಾಯಿತೇ ಅಂತ ಉರಿದ ಮೇಲೆ ಯಾರಾದರೂ ನೋಡಿ ಹೇಳಬೇಕು. ಆ ಕೆಲಸ ಆಕ್ಸಿಜನ್ ಸೆನ್ಸರ್‌ದು.

ನೋಡಲು ಅದು ಸ್ಪಾರ್ಕ್ ಪ್ಲಗ್ಗಿನ ಅಣ್ಣನ ಹಾಗಿದೆ. ಎಂಜಿನ್ನಿನಿಂದ ಹೊಗೆ ಹೊರಬರುವ ಪೈಪಿಗೆ ತಿರುಗಿಸಿ ಕೂರಿಸಿರುತ್ತಾರೆ. ತುದಿಯಲ್ಲಿ ಜಿರ್ಕೋನಿಯಾ ಅನ್ನುವ ಸೆರಾಮಿಕ್ ಇರುತ್ತದೆ, ಅದರ ಎರಡೂ ಬದಿಗೆ ಪ್ಲಾಟಿನಂ ಲೇಪ. ಒಂದು ಬದಿಗೆ ಹೊಗೆ ತಾಗುತ್ತದೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಸೆರಾಮಿಕ್ ಮೂಲಕ ಆಕ್ಸಿಜನ್ ಅಯಾನುಗಳು ಹರಿಯಲು ಶುರುಮಾಡುತ್ತವೆ. ಎರಡು ಬದಿಗಳ ಆಕ್ಸಿಜನ್ ಪ್ರಮಾಣದಲ್ಲಿ ವ್ಯತ್ಯಾಸ ಇದ್ದಷ್ಟೂ ವೋಲ್ಟೇಜ್ ಹೆಚ್ಚುತ್ತದೆ. ಇದರ ಹಿಂದಿನ ಸೂತ್ರ ವಾಲ್ಟರ್ ನರ್ನ್‌ಸ್ಟ್ ಅವರದ್ದು, 1920ರ ರಸಾಯನಶಾಸ್ತ್ರ ನೊಬೆಲ್ ಬಂದ ಜರ್ಮನ್ ವಿಜ್ಞಾನಿ. ಕಾರಿಗೆ ಆಗುವಂತೆ ಇದನ್ನು ತಯಾರಿಸಿದ್ದು ಬಾಷ್ ಕಂಪನಿ. 1976ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗುವ ವೋಲ್ವೋ ಕಾರುಗಳಲ್ಲಿ ಮೊದಲು ಬಂತು. ಅಲ್ಲಿನ ಹೊಗೆ ನಿಯಮಗಳು ಆಗಲೇ ಬಿಗಿಯಾಗಿದ್ದವು.

ಮಿಶ್ರಣ ರಿಚ್ ಇದ್ದರೆ ಈ ಸೆನ್ಸರ್ 0.8-0.9 ವೋಲ್ಟ್ ಕೊಡುತ್ತದೆ. ಲೀನ್ ಇದ್ದರೆ 0.1 ಆಸುಪಾಸು. ಗಡಿ 0.45. ಈ ಗಡಿಯಲ್ಲಿ ವೋಲ್ಟೇಜ್ ಮೆಲ್ಲಗೆ ಏರುವುದಿಲ್ಲ, ಧಡಕ್ಕನೆ ಜಿಗಿಯುತ್ತದೆ. ಹಾಗಾಗಿ ಸಾಮಾನ್ಯ ಸೆನ್ಸರ್‌ಗೆ ಎಷ್ಟು ರಿಚ್, ಎಷ್ಟು ಲೀನ್ ಅಂತ ಹೇಳಲು ಬರುವುದಿಲ್ಲ. ಗಡಿಯ ಆ ಕಡೆಯೋ ಈ ಕಡೆಯೋ ಅಷ್ಟೇ. ಇಸಿಯು ಅದರ ಮಾತು ಕೇಳಿ ಸ್ವಲ್ಪ ಪೆಟ್ರೋಲ್ ಕಡಿಮೆ ಮಾಡುತ್ತದೆ, ಲೀನ್ ಅಂದ ಕೂಡಲೇ ಸ್ವಲ್ಪ ಸೇರಿಸುತ್ತದೆ, ಮತ್ತೆ ಕಡಿಮೆ ಮಾಡುತ್ತದೆ. ಬಿಸಿಯಾದ ಎಂಜಿನ್ನಿನಲ್ಲಿ ಈ ಹಗ್ಗಜಗ್ಗಾಟ ಬಿಡುವಿಲ್ಲದೆ ನಡೆದಿರುತ್ತದೆ. ಇದಕ್ಕೆ ಕ್ಲೋಸ್ಡ್ ಲೂಪ್ ಅನ್ನುತ್ತಾರೆ. ಈಗಿನ ಹಲವು ಕಾರುಗಳಲ್ಲಿರುವ ವೈಡ್‌ಬ್ಯಾಂಡ್ ಸೆನ್ಸರ್ ಮಾತ್ರ 'ಎಷ್ಟು' ಅನ್ನುವುದನ್ನೂ ಹೇಳುತ್ತದೆ.

ಒಂದು ವಿಷಯ ಇಲ್ಲಿ ಸರಿಯಾಗಿ ಹಿಡಿದುಕೊಳ್ಳಬೇಕು. ಸೆನ್ಸರ್‌ಗೆ ಪೆಟ್ರೋಲ್ ಕಾಣುವುದಿಲ್ಲ, ಆಕ್ಸಿಜನ್ ಮಾತ್ರ ಕಾಣುತ್ತದೆ. ಒಂದು ಸಿಲಿಂಡರಿನ ಪ್ಲಗ್ ಕಿಡಿ ಹಾರಿಸಲಿಲ್ಲ ಅಂತಿಟ್ಟುಕೊಳ್ಳಿ. ಆಗ ಪೆಟ್ರೋಲೂ ಗಾಳಿಯೂ ಉರಿಯದೆ ಹಾಗೇ ಹೊರಗೆ ಹೋಗುತ್ತವೆ. ಪೈಪಿನಲ್ಲಿ ಹಸಿ ಪೆಟ್ರೋಲ್ ಇದ್ದರೂ ಸೆನ್ಸರ್ ಆಕ್ಸಿಜನ್ ನೋಡಿ "ಲೀನ್" ಅನ್ನುತ್ತದೆ. ಇಸಿಯು ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಸೆನ್ಸರ್‌ಗಿಂತ ಮುಂಚೆ ಪೈಪಿನಲ್ಲಿ ಸಣ್ಣ ಬಿರುಕಿದ್ದರೂ ಇದೇ ಕತೆ, ಹೊರಗಿನ ಗಾಳಿ ಒಳಗೆ ನುಗ್ಗಿ ಸುಳ್ಳು ಸುದ್ದಿ ಹುಟ್ಟಿಸುತ್ತದೆ. ಸೆನ್ಸರ್ ತಪ್ಪಿಲ್ಲದಿದ್ದರೂ ಅದನ್ನೇ ಬದಲಿಸಿ ದುಡ್ಡು ಕಳೆದುಕೊಳ್ಳುವವರು ಜಾಸ್ತಿ ಇರುವುದು ಇದಕ್ಕೇ.

ಈಗಿನ ಪೆಟ್ರೋಲ್ ಕಾರುಗಳಲ್ಲಿ ಇನ್ನೊಂದು ಆಕ್ಸಿಜನ್ ಸೆನ್ಸರ್ ಕೂಡ ಇರುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಆದ ಮೇಲೆ. ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಅಂತ ಕಾವಲು ಕಾಯುವುದು ಅದರ ಮುಖ್ಯ ಕೆಲಸ. ಅದು ಕೆಟ್ಟರೆ ಲೈಟ್ ಬರುತ್ತದೆ, ಆದರೆ ಓಡುವುದರಲ್ಲಿ ಬಹಳ ಸಲ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನಮ್ಮ ತಲೆನೋವು ಮುಖ್ಯವಾಗಿ ಕನ್ವರ್ಟರಿಗಿಂತ ಮುಂಚೆ ಇರುವ, ಮುಂದಿನ ಸೆನ್ಸರ್‌ದು.

ಬಿಚ್ಚಿದರೆ ಏನಾಗುತ್ತದೆ

ಮುಂದಿನ ಸೆನ್ಸರ್‌ನ ಕನೆಕ್ಟರ್ ಬಿಚ್ಚಿದ ಕೂಡಲೇ ಇಸಿಯುಗೆ ಸಿಗ್ನಲ್ ನಿಲ್ಲುತ್ತದೆ. ಅದು ಹಳದಿ ಚೆಕ್ ಎಂಜಿನ್ ಲೈಟ್ ಹಚ್ಚಿ, ಕಾರ್ಖಾನೆಯಲ್ಲೇ ಬರೆದಿಟ್ಟ ಕೋಷ್ಟಕ ನೋಡಿ ಪೆಟ್ರೋಲ್ ಕೊಡುತ್ತದೆ. ಇದು ಓಪನ್ ಲೂಪ್. ಇದು ಕಾರಿಗೆ ಹೊಸದೇನಲ್ಲ. ಬೆಳಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ, ಓವರ್‌ಟೇಕ್ ಮಾಡುವಾಗ ಆಕ್ಸಿಲರೇಟರ್ ಪೂರ್ತಿ ತುಳಿದಾಗ, ಎಷ್ಟೋ ಕಾರುಗಳು ಆ ಸ್ವಲ್ಪ ಹೊತ್ತು ಸೆನ್ಸರ್ ಮಾತನ್ನು ಬದಿಗಿಟ್ಟೇ ಓಡುತ್ತವೆ. ಮೆಕ್ಯಾನಿಕ್ ಹೇಳಿದ "ಏನೂ ಆಗಲ್ಲ" ನಿಜ ಅನ್ನಿಸುವುದು ಇದರಿಂದ.

ಕೋಷ್ಟಕ ಬರೆದ ಎಂಜಿನಿಯರುಗಳು ಜಾಗ್ರತೆಯ ಜನ. ಲೀನ್ ಆದರೆ ಎಂಜಿನ್ ಬಿಸಿ ಏರುತ್ತದೆ, ಮಿಶ್ರಣ ತಾನಾಗಿಯೇ ಸಿಡಿದು ಟಕಟಕ ಸದ್ದು ಬರುವ ನಾಕಿಂಗ್ ಶುರುವಾಗಬಹುದು. ರಿಚ್ ಆದರೆ ಹಾಗೆ ತಕ್ಷಣದ ಅಪಾಯ ಇಲ್ಲ. ಹಾಗಾಗಿ ಸಾಮಾನ್ಯವಾಗಿ ರಿಚ್ ಕಡೆಗೇ ಸ್ವಲ್ಪ ವಾಲಿಸಿ ಬರೆದಿರುತ್ತಾರೆ. ಪರಿಣಾಮ ಗೊತ್ತೇ ಇದೆ: ಮೈಲೇಜ್ ಇಳಿಯುತ್ತದೆ, ಪ್ಲಗ್ಗಿನ ತುದಿ ಮಸಿ ಹಿಡಿಯುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಪೆಟ್ರೋಲ್ ವಾಸನೆ. ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆ ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರುವುದೂ ಉಂಟು. ಕೆಟ್ಟ ಆಕ್ಸಿಜನ್ ಸೆನ್ಸರ್ ಸರಿಮಾಡಿದರೆ ಮೈಲೇಜ್ ಶೇ. 40ರವರೆಗೆ ಸುಧಾರಿಸಬಹುದು ಅಂತ ಅಮೆರಿಕ ಸರ್ಕಾರದ ಇಂಧನ ಮಾಹಿತಿ ಹೇಳುತ್ತದೆ. ಆ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ, ಅದು ತೀರಾ ಕೆಟ್ಟ ಸಂದರ್ಭದ ಮಾತು. ಬರೀ ಬಿಚ್ಚಿಟ್ಟ ಕಾರಿನಲ್ಲಿ ನಷ್ಟ ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಕಡಿಮೆ.

"ಬಿಚ್ಚಿದರೆ ರಿಚ್ ಆಗುತ್ತೆ, ಅದರಿಂದ ಎಂಜಿನ್ ಸೇಫ್" ಅನ್ನುವ ಹಳೆಯ ಸಮಾಧಾನ ಮಾತ್ರ ಈಗ ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಕಾರಣ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇದು ಬಿಡುಗಡೆಯಾಯಿತು, ಈಗ ಬಂಕುಗಳಲ್ಲಿ ಸಿಗುವುದು ಬಹುತೇಕ ಇದೇ. ಎಥನಾಲ್‌ನೊಳಗೆ ಆಕ್ಸಿಜನ್ ಮೊದಲೇ ಇರುತ್ತದೆ. ಹಾಗಾಗಿ ಅದಕ್ಕೆ ಒಂದು ಪಾಲಿಗೆ ಸುಮಾರು 9 ಪಾಲು ಗಾಳಿ ಸಾಕು. ಶೇ. 20 ಬೆರೆಸಿದಾಗ 14.7 ಅನ್ನುವ ಲೆಕ್ಕ ಸುಮಾರು 13.5ಕ್ಕೆ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ಶೇ. 8-9ರಷ್ಟು ಜಾಸ್ತಿ ಇಂಧನ ಸುರಿಯಬೇಕು. ಸೆನ್ಸರ್ ಸರಿ ಇದ್ದರೆ ಇಸಿಯು ಇದನ್ನು ತಾನೇ ಕಂಡುಕೊಂಡು ಸರಿಮಾಡುತ್ತದೆ. ಎಥನಾಲ್ ಇಲ್ಲದ ಪೆಟ್ರೋಲಿಗೆ ಬರೆದ ಕೋಷ್ಟಕ ಇರುವ ಹಳೆಯ ಕಾರಿನಲ್ಲಿ ಸೆನ್ಸರ್ ಬಿಚ್ಚಿದರೆ ಅದನ್ನು ಹೇಳುವವರು ಯಾರೂ ಇಲ್ಲ. ರಿಚ್ ಆಗಬೇಕಿದ್ದ ಕಾರು ಲೀನ್ ಆಗಿ ಓಡಬಹುದು. ಕೆಲವು ಕಾರುಗಳು ಹಿಂದೆ ಕಲಿತ ತಿದ್ದುಪಡಿಯನ್ನು ನೆನಪಿಟ್ಟುಕೊಂಡು ಸುಧಾರಿಸುತ್ತವೆ. ಬ್ಯಾಟರಿ ಕಳಚಿದರೆ ಆ ನೆನಪೂ ಹೋಗಬಹುದು.

ಸತ್ತ ಸೆನ್ಸರ್‌ಗಿಂತ ಸುಳ್ಳು ಹೇಳುವ ಸೆನ್ಸರ್ ಅಪಾಯ

ಜೋರು ನೆಗಡಿ ಬಂದು ರುಚಿಯೇ ಗೊತ್ತಾಗದ ಅಡುಗೆಯವರು ಅಳತೆ ಚಮಚ ನೋಡಿ ಉಪ್ಪು ಹಾಕುತ್ತಾರೆ, ಸಾರು ಹೇಗೋ ಊಟಕ್ಕೆ ಆಗುತ್ತದೆ. ಆದರೆ ಎಷ್ಟು ಹಾಕಿದರೂ "ಉಪ್ಪು ಕಮ್ಮಿ" ಅನ್ನುವ ನಾಲಿಗೆ ಇದ್ದು, ಅದನ್ನು ನಂಬಿ ಹಾಕುತ್ತಲೇ ಹೋದರೆ? ಕೆಟ್ಟರೂ ಸಿಗ್ನಲ್ ಕೊಡುತ್ತಲೇ ಇರುವ ಸೆನ್ಸರ್ ಇಸಿಯುಗೆ ಮಾಡುವುದು ಇದನ್ನೇ.

0.1 ವೋಲ್ಟಿನಲ್ಲೇ ಕಚ್ಚಿಕೊಂಡ ಸೆನ್ಸರ್ ಸದಾ ಲೀನ್ ಅನ್ನುತ್ತದೆ. ಇಸಿಯು ತನ್ನ ಮಿತಿ ಮುಟ್ಟುವವರೆಗೂ ಪೆಟ್ರೋಲ್ ಸೇರಿಸುತ್ತದೆ. ಕಾರು ಕರಿ ಹೊಗೆ ಬಿಡುವುದು ಆಗಲೇ. 0.9ರಲ್ಲಿ ಕಚ್ಚಿಕೊಂಡದ್ದು ಸದಾ ರಿಚ್ ಅನ್ನುತ್ತದೆ. ಆಗ ಪೆಟ್ರೋಲ್ ಕಡಿತ ಆಗಿ ಎಂಜಿನ್ ಜರ್ಕ್ ಹೊಡೆಯುತ್ತದೆ, ಘಾಟಿ ಏರುವಾಗ ಉಸಿರು ಕಟ್ಟುತ್ತದೆ. ಬಿಚ್ಚಿದ ಕೂಡಲೇ ಕಾರು ಸರಿಹೋದರೆ ಇಂಥ ಸುಳ್ಳು ನಿಂತಿತು ಅಂತ ಅರ್ಥ. ಹಾಗಾಗಿ ಬಿಚ್ಚಿ ನೋಡುವುದು ಪರೀಕ್ಷೆಯಾಗಿ ಒಳ್ಳೆಯದೇ. ಸುಮ್ನೆ ಹತ್ತು ನಿಮಿಷ ಓಡಿಸಿ ನೋಡಿ, ವ್ಯತ್ಯಾಸ ಇದ್ದರೆ ಸೆನ್ಸರ್ ಅಥವಾ ಅದರ ವೈರಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ವ್ಯತ್ಯಾಸವೇ ಇಲ್ಲ ಅಂದರೆ ಕಳ್ಳ ಬೇರೆ ಕಡೆ ಇರಬಹುದು. ಮತ್ತೆ ಜೋಡಿಸಿದ ಮೇಲೆ, ಇಸಿಯು ಬರೆದಿಟ್ಟುಕೊಂಡ ದೋಷದ ಕೋಡನ್ನು ಸ್ಕ್ಯಾನರಿನಿಂದ ಅಳಿಸಬೇಕು ಅಷ್ಟೇ.

ಇನ್ನೊಂದು ಬಗೆ ಸೋಮಾರಿ ಸೆನ್ಸರ್. ಸುಳ್ಳು ಹೇಳುವುದಿಲ್ಲ, ತಡವಾಗಿ ಹೇಳುತ್ತದೆ. ವರ್ಷಗಟ್ಟಲೆ ಮಸಿ, ಆಯಿಲ್ ಹೊಗೆ ತಿಂದ ತುದಿ ಹಾಗಾಗುತ್ತದೆ. ಕಾರು ಓಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ, ಮೈಲೇಜ್ ಮೆಲ್ಲಗೆ ಇಳಿಯುತ್ತದೆ, ನಾವು ಟ್ರಾಫಿಕ್ಕನ್ನು ಬೈದುಕೊಳ್ಳುತ್ತೇವೆ.

ಇದ್ದುದರಲ್ಲಿ ನಿರಪಾಯಕಾರಿ ಅಂದರೆ ಹೀಟರ್ ಸುಟ್ಟುಹೋಗುವುದು. ತುದಿ ಬೇಗ ಬಿಸಿಯಾಗಲಿ ಅಂತ ಒಳಗೊಂದು ಸಣ್ಣ ಹೀಟರ್ ಇಟ್ಟಿರುತ್ತಾರೆ. ಪಿ 0135 ಅನ್ನುವ ಕೋಡ್ ಬಂದರೆ ಮುಂದಿನ ಸೆನ್ಸರ್‌ನ ಹೀಟರ್ ಸರ್ಕ್ಯೂಟ್ ಕೈಕೊಟ್ಟಿದೆ ಅಂತ. ಹೈವೇಯಲ್ಲಿ ಹೊಗೆಯ ಶಾಖದಿಂದಲೇ ಸೆನ್ಸರ್ ಕೆಲಸ ಮಾಡುತ್ತಿರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಐಡಲ್ ಆಗಿ ನಿಂತಾಗ ತುದಿ ತಣ್ಣಗಾಗಿ ಸುಮ್ಮನಾಗಿಬಿಡಬಹುದು. ಸೆನ್ಸರ್ ಬದಲಿಸುವ ಮುಂಚೆ ಫ್ಯೂಸ್ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ.

ನಿಜವಾದ ಬಿಲ್ಲು ಕನ್ವರ್ಟರಿನದು

ಹಳೇ ಕಾರುಗಳಲ್ಲಿ ಈ ಸೆನ್ಸರ್ರೇ ಇರಲಿಲ್ಲ, ಕಾರ್ಬುರೇಟರ್ ಕಾಲದ ಮಾರುತಿ 800 ಓಡಲಿಲ್ವಾ ಅಂತ ವಾದ ಮಾಡುವವರಿದ್ದಾರೆ. ಓಡಿತು. ಆದರೆ ಶುರುವಿನ ಆ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರೂ ಇರಲಿಲ್ಲ. ನಮ್ಮ ದೇಶದಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಗಿದ್ದು 1995ರ ಏಪ್ರಿಲ್‌ನಲ್ಲಿ, ಅದೂ ಮೊದಲು ದೆಹಲಿ, ಮುಂಬೈ, ಕಲ್ಕತ್ತಾ, ಮದ್ರಾಸ್ ನಾಲ್ಕೇ ನಗರಗಳಲ್ಲಿ. ಅದರ ಜೊತೆಗೇ ಸೀಸವಿಲ್ಲದ ಪೆಟ್ರೋಲ್ ಬಂತು, ಏಕೆಂದರೆ ಸೀಸ ಕನ್ವರ್ಟರನ್ನೂ ಸೆನ್ಸರನ್ನೂ ಎರಡನ್ನೂ ಕೊಲ್ಲುತ್ತದೆ. 2000ನೇ ಇಸವಿಯ ಫೆಬ್ರವರಿ ಹೊತ್ತಿಗೆ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು.

ಕನ್ವರ್ಟರಿನೊಳಗೆ ಜೇನುಗೂಡಿನಂಥ ಸೆರಾಮಿಕ್ ಇದೆ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ತೆಳುವಾಗಿ ಬಳಿದಿರುತ್ತಾರೆ. ಅದಕ್ಕೆ ಮೂರು ಕೆಲಸ. ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದ ಪೆಟ್ರೋಲನ್ನು ಸುಡಬೇಕು, ಅದಕ್ಕೆ ಆಕ್ಸಿಜನ್ ಬೇಕು. ಜೊತೆಗೇ ನೈಟ್ರೋಜನ್ ಆಕ್ಸೈಡುಗಳಿಂದ ಆಕ್ಸಿಜನ್ ಕಿತ್ತುಕೊಳ್ಳಬೇಕು, ಅದಕ್ಕೆ ಆಕ್ಸಿಜನ್ ಹೆಚ್ಚಿರಬಾರದು. ಎರಡೂ ಒಟ್ಟಿಗೆ ನಡೆಯುವುದು ಆ 14.7ರ ಸುತ್ತಲಿನ ಬಹಳ ಕಿರಿದಾದ ಜಾಗದಲ್ಲಿ ಮಾತ್ರ. ಮುಂದಿನ ಸೆನ್ಸರ್ ಸೆಕೆಂಡಿಗೊಮ್ಮೆ ಜಗ್ಗಾಡುವುದು ಈ ಜಾಗ ಬಿಟ್ಟು ಹೋಗದಿರಲು. ಕಾರಿಗೆ ಸೆನ್ಸರ್ ಬಂದಿದ್ದೇ ಹೊಗೆ ಶುದ್ಧ ಮಾಡಲು, ಮೈಲೇಜ್ ಆಮೇಲಿನ ಲಾಭ.

ಈಗ ಸೆನ್ಸರ್ ಸುಳ್ಳು ಹೇಳಿ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಮೇಲಿಂದ ಮಸಿ ಹಿಡಿದ ಒಂದು ಪ್ಲಗ್ ಆಗಾಗ ಕಿಡಿ ತಪ್ಪಿಸುತ್ತಿದೆ ಅಂದುಕೊಳ್ಳಿ. ಸಿಲಿಂಡರಿನಲ್ಲಿ ಉರಿಯಬೇಕಿದ್ದ ಪೆಟ್ರೋಲ್ ಗಾಳಿಯ ಜೊತೆ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಸೆರಾಮಿಕ್ ಕರಗುವಷ್ಟು ಬಿಸಿ ಏರಬಹುದು. ಕರಗಿದ ಜೇನುಗೂಡು ಪೈಪಿಗೆ ಬಿರಡೆಯಾಗುತ್ತದೆ, ಕಾರು ಎಷ್ಟು ತುಳಿದರೂ ಮುಂದೆ ಹೋಗದು. ಸೆನ್ಸರ್‌ಗೆ ಕೆಲವು ಸಾವಿರ ರೂಪಾಯಿ ಆದರೆ ಅಸಲಿ ಕನ್ವರ್ಟರ್ ಅದರ ಹಲವು ಪಟ್ಟು. ಅಷ್ಟಾಗುವ ಮುಂಚೆ ಒಂದು ಸೂಚನೆ ಸಿಗುವುದುಂಟು: ಹೊಗೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ರಿಚ್ ಓಡುವಾಗ ಪೆಟ್ರೋಲಿನ ಗಂಧಕ ಕನ್ವರ್ಟರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಬರುತ್ತದೆ.

ಎಮಿಷನ್ ಟೆಸ್ಟ್ ವಿಷಯವೂ ಇದೆ. ಬಿಎಸ್-4 (ಭಾರತ್ ಸ್ಟೇಜ್ ಹೊಗೆ ನಿಯಮದ ನಾಲ್ಕನೇ ಹಂತ) ಮತ್ತು ಆಮೇಲಿನ ಪೆಟ್ರೋಲ್ ಕಾರುಗಳಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.3 ದಾಟಬಾರದು. ರಿಚ್ ಓಡುವ ಕಾರಿಗೆ ಇದು ಕಷ್ಟ. ಸರ್ಟಿಫಿಕೇಟ್ ಇಲ್ಲದೆ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ದಂಡ 10,000 ರೂಪಾಯಿವರೆಗೆ.

ಎಷ್ಟು ದೂರ, ಎಷ್ಟು ದಿನ?

ಸಕಲೇಶಪುರದ ಹತ್ತಿರ ಲೈಟ್ ಹತ್ತಿತು, ಬೆಂಗಳೂರಿಗೆ ಬರಬೇಕು, ಕಾರು ನಯವಾಗಿ ಓಡುತ್ತಿದೆ ಅಂದರೆ ಗಾಬರಿ ಬೇಡ, ಬನ್ನಿ. ಆಕ್ಸಿಲರೇಟರ್ ಮೇಲೆ ಕಾಲು ಹಗುರ ಇರಲಿ, ಟೆಂಪರೇಚರ್ ಮೇಲೆ ಕಣ್ಣಿರಲಿ. ಒಂದು ವಾರ ಪಾರ್ಟ್ ಬರುವ ತನಕ ಕಾಯುವುದೂ ಪರವಾಗಿಲ್ಲ. ತಿಂಗಳುಗಟ್ಟಲೆ ಓಡಿಸುವುದು ಜೂಜು. ಲೈಟ್ ಮಿಟುಕಿಸಲು ಶುರುಮಾಡಿದರೆ ಮಾತ್ರ ಲೆಕ್ಕ ಬೇರೆ. ಕನ್ವರ್ಟರಿಗೆ ಹಾನಿಯಾಗುವ ಮಟ್ಟದ ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೋಗುವುದು) ಆಗುತ್ತಿದೆ ಅಂತ ಅದರ ಅರ್ಥ. ನಿಧಾನ ಮಾಡಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಟೋ ಮಾಡಿಸಿ. ಕರಿ ಹೊಗೆ ಬರುತ್ತಿದ್ದರೂ, ಕಾರಿನೊಳಗೆ ಹೊಗೆಯ ವಾಸನೆ ಬಂದರೂ ಅಷ್ಟೇ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಅದು ಬರುವುದು ಈ ವಾಸನೆಯ ಜೊತೆಗೆ.

ಗ್ಯಾರೇಜಿನಲ್ಲಿ "ಸೆನ್ಸರ್ ಕೋಡ್ ಬಂದಿದೆ, ಬದಲಿಸೋಣ" ಅಂದ ಕೂಡಲೇ ತಲೆಯಾಡಿಸಬೇಡಿ. 2013ರ ಏಪ್ರಿಲ್ ನಂತರದ ಬಿಎಸ್-4 ಮತ್ತು ಆಮೇಲಿನ ಕಾರುಗಳಲ್ಲಿ ಒಬಿಡಿ-2, ಅಂದರೆ ಕಾರು ತನ್ನ ದೋಷ ತಾನೇ ಹೇಳುವ ವ್ಯವಸ್ಥೆ, ಇದ್ದೇ ಇರುತ್ತದೆ. ಸಣ್ಣ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲೇ ಸೆನ್ಸರ್ ವೋಲ್ಟೇಜ್ ನೋಡಬಹುದು. ಎಂಜಿನ್ ಬಿಸಿಯಾದ ಮೇಲೆ ಸಾಮಾನ್ಯ ಮುಂದಿನ ಸೆನ್ಸರ್ 0.1 ಮತ್ತು 0.9ರ ನಡುವೆ ಚುರುಕಾಗಿ ಏರಿಳಿಯುತ್ತಿರಬೇಕು. ಹಿಂದಿನದು ಹೆಚ್ಚುಕಡಿಮೆ ನೆಟ್ಟಗೆ ಇರಬೇಕು. ಹಿಂದಿನದೂ ಮುಂದಿನದರ ಹಾಗೇ ಕುಣಿಯುತ್ತಿದ್ದರೆ ಕನ್ವರ್ಟರ್ ಸುಸ್ತಾಗಿದೆ, ಪಿ 0420 ಕೋಡ್ ಹೇಳುವುದು ಅದನ್ನೇ. ಪಿ 0171 ಬಂದರೆ ಮಿಶ್ರಣ ಲೀನ್ ಅಂತ, ಸೆನ್ಸರ್ ಕೆಟ್ಟಿದೆ ಅಂತಲ್ಲ. ಪೈಪ್ ಸೀಳಿರಬಹುದು, ಪೆಟ್ರೋಲ್ ಪಂಪ್ ದುರ್ಬಲ ಆಗಿರಬಹುದು. ಸುದ್ದಿ ತಂದವನನ್ನೇ ಹೊಡೆದರೆ ಏನು ಬಂತು, ಅಲ್ವಾ?

ಬಾನೆಟ್ ಎತ್ತಿ ವೈರನ್ನೂ ನೋಡಿ. ನಮ್ಮಲ್ಲಿ ಸೆನ್ಸರ್ ಕೋಡ್‌ಗೆ ಇಲಿಗಳ ಕೊಡುಗೆ ಸಣ್ಣದಲ್ಲ. ಕಡಿದ ವೈರನ್ನು ಕೂಡಿಸುವಾಗ ಒಂದು ಎಚ್ಚರಿಕೆ. ಹಲವು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ಸಂದಿನಿಂದಲೇ ಒಳಗೆ ಎಳೆದುಕೊಳ್ಳುತ್ತವೆ. ಬೆಸುಗೆ ಹಾಕಿದರೆ ಆ ದಾರಿ ಮುಚ್ಚುತ್ತದೆ. ಕ್ರಿಂಪ್ ಮಾಡಬೇಕು, ಅಂದರೆ ಲೋಹದ ತುಣುಕಿನಲ್ಲಿ ಒತ್ತಿ ಕೂಡಿಸಬೇಕು. ಕನೆಕ್ಟರಿಗೆ ಗ್ರೀಸ್ ತುಂಬುವುದೂ ಬೇಡ.

ಸೆನ್ಸರ್ ತುದಿಯನ್ನು ಪೆಟ್ರೋಲಿನಲ್ಲಿ ತೊಳೆದು, ಬ್ರಷ್ ಹಾಕಿ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಮೇಲಿನ ಮಸಿ ಹೋಗಬಹುದು. ಒಳಗೆ ಸೇರಿದ ವಿಷ ಹೋಗುವುದಿಲ್ಲ, ಉಜ್ಜಿದರೆ ಲೇಪ ಕಿತ್ತುಹೋಗುವುದೇ ಹೆಚ್ಚು. ಆ ವಿಷ ಬರುವುದು ಸೋರುವ ಕೂಲಂಟಿನಿಂದ, ಸುಡುವ ಎಂಜಿನ್ ಆಯಿಲ್‌ನಿಂದ, ಗ್ಯಾಸ್ಕೆಟ್ಟಿಗೆ ಮೆತ್ತಿದ ಕಳಪೆ ಸಿಲಿಕೋನ್ ಅಂಟಿನಿಂದ. ಮೂಲ ಸರಿಮಾಡದೆ ಹೊಸ ಸೆನ್ಸರ್ ಹಾಕಿದರೆ ಅದೂ ಬೇಗ ಹಾಳು. ಮಳೆಗಾಲದಲ್ಲಿ ನೀರು ತುಂಬಿದ ರಸ್ತೆಗೆ ಬಿಸಿ ಕಾರು ಇಳಿಸಿದರೆ ಸೆರಾಮಿಕ್ ಬಿರುಕು ಬಿಡುವ ಸಂಭವವೂ ಇದೆ. ಇವೆಲ್ಲ ಇಲ್ಲದಿದ್ದರೆ ಹೀಟರ್ ಇರುವ ಸೆನ್ಸರ್ ಒಂದೂವರೆ ಲಕ್ಷ ಕಿಲೋಮೀಟರ್ ಬಾಳುವುದು ಅಪರೂಪವಲ್ಲ.

ಲೈಟ್ ಆರಿಸಲು ಅಡ್ಡದಾರಿಗಳೂ ಮಾರುಕಟ್ಟೆಯಲ್ಲಿವೆ. ಹಿಂದಿನ ಸೆನ್ಸರನ್ನು ಪೈಪಿನಿಂದ ದೂರ ಕೂರಿಸುವ ಸ್ಪೇಸರ್, ಸುಳ್ಳು ಸಿಗ್ನಲ್ ಕೊಡುವ ಎಮ್ಯುಲೇಟರ್, ಇಸಿಯುನಲ್ಲೇ ಸೆನ್ಸರನ್ನು ಅಳಿಸಿಹಾಕುವ ಟ್ಯೂನಿಂಗ್. ಮೂರೂ ಮಾಡುವುದು ಲೈಟ್ ಆರಿಸುವುದನ್ನಷ್ಟೇ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಇಗ್ನಿಷನ್ ಆನ್ ಮಾಡಿದ ಕ್ಷಣ ಚೆಕ್ ಎಂಜಿನ್ ಲೈಟ್ ಒಮ್ಮೆ ಹತ್ತುತ್ತದೆಯೇ ಅಂತ ನೋಡಿ. ಹತ್ತದಿದ್ದರೆ ಬಲ್ಬನ್ನೇ ತೆಗೆದಿರಬಹುದು.

ಹೊಸದು ಹಾಕುವಾಗ ನಿಮ್ಮ ಕಾರಿನ ಪಾರ್ಟ್ ನಂಬರಿನದ್ದೇ ಕೇಳಿ. ನಾಲ್ಕು ವೈರಿನ ಸಾಮಾನ್ಯ ಸೆನ್ಸರ್ ಇರುವ ಕಡೆ ವೈಡ್‌ಬ್ಯಾಂಡ್ ಹಾಕಲು ಬರುವುದಿಲ್ಲ. ಎಂಜಿನ್ ಸ್ವಲ್ಪ ಬೆಚ್ಚಗಿದ್ದಾಗ ಹಳೆಯದು ಸುಲಭವಾಗಿ ಬಿಚ್ಚುತ್ತದೆ, ಹೆಚ್ಚಿನವಕ್ಕೆ 22 ಎಂಎಂ ಸ್ಪ್ಯಾನರ್ ಬೇಕು. ಆಮೇಲೆ ಕೋಡ್ ಅಳಿಸುವುದರ ಜೊತೆಗೆ ಫ್ಯುಯೆಲ್ ಟ್ರಿಮ್, ಅಂದರೆ ಪೆಟ್ರೋಲ್ ಲೆಕ್ಕಕ್ಕೆ ಇಸಿಯು ಮಾಡಿಕೊಂಡ ತಿದ್ದುಪಡಿ, ಅದನ್ನೂ ರಿಸೆಟ್ ಮಾಡಿಸಿ. ಹಳೆ ಸೆನ್ಸರ್ ಹೇಳಿದ ಸುಳ್ಳಿನ ಆಧಾರದ ಮೇಲೆ ಇಸಿಯು ಕಲಿತ ತಿದ್ದುಪಡಿ ಅದರಲ್ಲೇ ಉಳಿದಿರುತ್ತದೆ. ಮೊದಲ ಕೆಲವು ದಿನ ಐಡಲ್ ಸ್ವಲ್ಪ ಏರುಪೇರಾದರೆ ಕಾರು ಹೊಸ ಲೆಕ್ಕ ಕಲಿಯುತ್ತಿದೆ ಅಂತ. ಪೇಟೆಯಲ್ಲೂ ಹೈವೇಯಲ್ಲೂ ಸ್ವಲ್ಪ ಓಡಿಸಿ, ಆಮೇಲೆ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ನೋಡಿ. ಅದು ಸೊನ್ನೆಯ ಆಚೀಚೆ ಶೇ. 10ರೊಳಗೆ ಬಂದು ನಿಂತಿದ್ದರೆ ಕೆಲಸ ಆಗಿದೆ. ಅದಕ್ಕಿಂತ ದೂರ ಇದ್ದರೆ ಗ್ಯಾರೇಜಿಗೆ ಇನ್ನೊಂದು ಸಲ ಹೋಗಬೇಕಾಗುತ್ತದೆ, ಈ ಸಲ ಸೆನ್ಸರ್ ಬಿಟ್ಟು ಬೇರೆ ಏನನ್ನಾದರೂ ಹುಡುಕಲು.